ಚರ್ಚಿನ ಯುವಕೂಟಕ್ಕೆ ಝೂಮ್: ಕೆಲಸಕ್ಕೆ ಬಂದದ್ದು ಚಿಕ್ಕ ಕೋಣೆ

ಕೊರೊನಾ ಬಂದಾಗ ಚರ್ಚುಗಳು ಝೂಮನ್ನು ಅಳೆದು ತೂಗಿ ಆರಿಸಿಕೊಳ್ಳಲಿಲ್ಲ. ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ ಹಿಡಿದುಕೊಂಡವು. ವಿಶ್ವ ಆರೋಗ್ಯ ಸಂಸ್ಥೆ ಇದು ಜಾಗತಿಕ ಸಾಂಕ್ರಾಮಿಕ ಎಂದು 2020ರ ಮಾರ್ಚ್ 11ರಂದು ಹೇಳಿದಾಗ ಈಸ್ಟರ್ ಭಾನುವಾರಕ್ಕೆ ಉಳಿದದ್ದು ಒಂದು ತಿಂಗಳು. 2019ರ ಡಿಸೆಂಬರಿನಲ್ಲಿ ದಿನಕ್ಕೆ ಸುಮಾರು 1 ಕೋಟಿ ಇದ್ದ ಝೂಮ್ ಮೀಟಿಂಗ್‌ಗಳ ಹಾಜರಿ ಆ ಮಾರ್ಚಿನಲ್ಲಿ 20 ಕೋಟಿ ಮುಟ್ಟಿತು. ಆ ನೂಕುನುಗ್ಗಲಿನಲ್ಲಿ ಆರಾಧನೆ, ಬೈಬಲ್ ಅಧ್ಯಯನ, ಪ್ರಾರ್ಥನಾ ಕೂಟ, ಯುವಕೂಟ ಎಲ್ಲವೂ ಒಂದೇ ಲಿಂಕಿನೊಳಗೆ ಹೊಕ್ಕವು.

ಭಾನುವಾರದ ಆರಾಧನೆಯನ್ನು ಇಲ್ಲಿ ಪಕ್ಕಕ್ಕಿಟ್ಟಿದ್ದೇವೆ. 18ರಿಂದ 30ರೊಳಗಿನ ಯುವಜನರಿಗೆ ಆಸರೆಯಾಗಿ ನಿಲ್ಲುವ ಕೆಲಸಕ್ಕೆ ಝೂಮ್‌ನ ಉಚಿತ ಖಾತೆ ಎಷ್ಟು ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದಷ್ಟೇ ಪ್ರಶ್ನೆ. ಅಂಕ: 5ಕ್ಕೆ ಮೂರೂವರೆ. ಅದರಲ್ಲಿ ಮೂರು ಅಂಕ ಬ್ರೇಕ್‌ಔಟ್ ರೂಮ್ (ಒಂದೇ ಮೀಟಿಂಗಿನವರನ್ನು ಚಿಕ್ಕ ಗುಂಪುಗಳಾಗಿ ಹಂಚಿ ಬೇರೆಬೇರೆ ಕೂರಿಸುವ ಕೋಣೆ) ಒಂದಕ್ಕೇ ಸಂದಿದೆ. ಉಳಿದ ಅರ್ಧ, ಲಿಂಕ್ ಒತ್ತಿದರೆ ಒಳಗೆ ಬರಬಹುದೆಂಬ ಸುಲಭಕ್ಕೆ. ಹಾಡು, ಪ್ರಸಂಗ (ಬೋಧನೆ), ಪ್ರಕಟಣೆ ಈ ಮೂರಕ್ಕಂತೂ ಝೂಮ್ ಬೇಡವೇ ಬೇಡ. ಯಾಕೆಂದು ಮುಂದೆ ಬರುತ್ತದೆ.

ಯಾರಿಗೆ, ಯಾವುದಕ್ಕೆ

ಈ ವಯಸ್ಸಿನವರ ಕಷ್ಟ ಚರ್ಚಿನ ಹಿರಿಯರ ಕಣ್ಣಿಗೆ ಬೇಗ ಬೀಳುವುದಿಲ್ಲ. ವೈರಸ್‌ನಿಂದ ಸಾಯುವ ಭಯ ವೃದ್ಧರಿಗೆ ಹೆಚ್ಚು ಎಂಬ ಲೆಕ್ಕದಲ್ಲಿ ಆಗ ಎಲ್ಲರ ಗಮನ ಅತ್ತ ಹೋಯಿತು, ಅದು ಸರಿಯೂ ಹೌದು. ಆದರೆ ಅರ್ಧಕ್ಕೆ ನಿಂತ ಪರೀಕ್ಷೆ, ಸೇರುವ ಮೊದಲೇ ರದ್ದಾದ ಕೆಲಸ, ಮುಂದಕ್ಕೆ ಹೋದ ಮದುವೆ, ಓದಲೆಂದು ಊರು ಬಿಟ್ಟು ಬಾಡಿಗೆ ಕೋಣೆಯಲ್ಲಿ ಸಿಕ್ಕಿಕೊಂಡ ಒಂಟಿತನ, ಇವೆಲ್ಲ ಬಂದು ಕೂತದ್ದು ಇದೇ ವಯಸ್ಸಿನ ಮೇಲೆ. ಸಾಂಕ್ರಾಮಿಕದ ಮೊದಲ ವರ್ಷದಲ್ಲಿ ಆತಂಕ ಮತ್ತು ಖಿನ್ನತೆ ಜಗತ್ತಿನಾದ್ಯಂತ ಶೇ 25ರಷ್ಟು ಹೆಚ್ಚಿದವೆಂದೂ, ಯುವಜನರಿಗೂ ಮಹಿಳೆಯರಿಗೂ ಪೆಟ್ಟು ಜೋರಾಗಿ ಬಿತ್ತೆಂದೂ ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚಿನಲ್ಲಿ ಹೇಳಿತು.

ಇಂಥವರಿಗೆ ವಾರಕ್ಕೆ ಇನ್ನೊಂದು ಪ್ರಸಂಗ ಬೇಕಿರುವುದಿಲ್ಲ. ಬೆಳಗಿನಿಂದ ಪರದೆಯ ಮುಂದೆ ಪಾಠವನ್ನೋ ಆಫೀಸಿನ ಮಾತನ್ನೋ ಕೇಳಿ ಕಿವಿ ದಣಿದಿರುತ್ತದೆ. ತನ್ನ ಹೆಸರು ಗೊತ್ತಿರುವ, ಹೋದ ವಾರ ತಾನು ಏನು ಹೇಳಿದೆ ಎಂದು ನೆನಪಿಟ್ಟಿರುವ ಮೂರು ಜನ ಬೇಕು. ಝೂಮನ್ನು ಅಳೆಯಬೇಕಾದದ್ದು ಈ ಕೋಲಿನಿಂದ.

ಬ್ರೇಕ್‌ಔಟ್ ರೂಮ್, ಹತ್ತಿರದಿಂದ

ಉಚಿತ ಖಾತೆಯಲ್ಲೂ ಈ ಸೌಲಭ್ಯ ಇದೆ. ಆದರೆ ಆ್ಯಪ್‌ನಲ್ಲಿ ಹುಡುಕಿದರೆ ಗುಂಡಿಯೇ ಕಾಣದೆ ಎಷ್ಟೋ ಜನ ಕೈಬಿಡುತ್ತಾರೆ. ಬ್ರೌಸರಿನಲ್ಲಿ ಝೂಮ್ ಖಾತೆಗೆ ಲಾಗಿನ್ ಆಗಿ, ಸೆಟ್ಟಿಂಗ್ಸ್‌ನಲ್ಲಿ ಮೀಟಿಂಗ್ ವಿಭಾಗಕ್ಕೆ ಹೋಗಿ, ಅಲ್ಲಿ ಬ್ರೇಕ್‌ಔಟ್ ರೂಮ್ ಎಂಬುದನ್ನು ಆನ್ ಮಾಡಬೇಕು. ಒಮ್ಮೆ ಮಾಡಿದರೆ ಸಾಕು. 2020ರಲ್ಲಿ ಕೋಣೆಗಳನ್ನು ಮಾಡಲು ಹೋಸ್ಟ್ (ಮೀಟಿಂಗ್ ತೆರೆದು ನಡೆಸುವವರು) ಕಂಪ್ಯೂಟರಿನಲ್ಲೇ ಇರಬೇಕಿತ್ತು. ಮೊಬೈಲಿನಿಂದ ಕೂಟ ನಡೆಸಿದವರಿಗೆ ಈ ಗುಂಡಿ ಸಿಗುತ್ತಿರಲಿಲ್ಲ. ಈಗಲೂ ಹೋಸ್ಟ್ ಲ್ಯಾಪ್‌ಟಾಪಿನಲ್ಲಿ ಕೂರುವುದೇ ಲೇಸು.

ಒಂದು ಕೋಣೆಗೆ ಎಷ್ಟು ಜನ? ನಾಲ್ಕು. ಐದಾರು ಜನರಾದರೆ ಇಬ್ಬರು ಮ್ಯೂಟ್ ಒತ್ತಿ ಕೇಳುಗರಾಗಿಬಿಡುತ್ತಾರೆ. ಇಬ್ಬರನ್ನೇ ಹಾಕಿದರೆ, ಅವರಲ್ಲೊಬ್ಬರು ಮೌನಿಯಾಗಿದ್ದರೆ ಇನ್ನೊಬ್ಬರಿಗೆ ಅದು ಶಿಕ್ಷೆ. ಮೂರು ಚೆನ್ನಾಗಿಯೇ ನಡೆಯುತ್ತದೆ, ಆದರೆ ಒಬ್ಬರ ನೆಟ್ ಹೋದರೆ ಮೂರು ಎರಡಾಗುತ್ತದೆ. ನಾಲ್ಕು ಹಾಕಿದರೆ ಒಬ್ಬರು ಬಿದ್ದುಹೋದರೂ ಮಾತು ನಿಲ್ಲುವುದಿಲ್ಲ. 12 ಜನ ಬಂದರೆ ಮೂರು ಕೋಣೆ, 16 ಬಂದರೆ ನಾಲ್ಕು. 13 ಬಂದಾಗ ಹದಿಮೂರನೆಯವರಿಗೆಂದು ಹೊಸ ಕೋಣೆ ಮಾಡದೆ ಒಂದು ಕೋಣೆಯನ್ನು ಐದಕ್ಕೆ ಏರಿಸಿ, ಅಲ್ಲಿಗೆ ಮಾತು ಹಂಚಬಲ್ಲ ಅಕ್ಕನನ್ನೋ ಅಣ್ಣನನ್ನೋ ಹಾಕಿ.

ಝೂಮ್ ತಾನಾಗಿಯೇ ಜನರನ್ನು ಹಂಚುವ ಆಯ್ಕೆ ಕೊಡುತ್ತದೆ. ಮೊದಲ ವಾರದ ಪರಿಚಯಕ್ಕೆ ಅದು ಸರಿ. ಆಮೇಲೆ ಅದನ್ನು ಮುಟ್ಟಬೇಡಿ. ಪ್ರತಿ ವಾರ ಹೊಸ ಮುಖ ಬಂದರೆ ಪ್ರತಿ ವಾರವೂ ಪರಿಚಯವೇ ಆಗುತ್ತದೆ, ಮಾತು ಚರ್ಮದಿಂದ ಒಳಗೆ ಇಳಿಯುವುದಿಲ್ಲ. ಅದೇ ನಾಲ್ವರು ಆರು ವಾರ ಜತೆಗಿದ್ದರೆ ಮೂರನೆಯ ವಾರದ ಹೊತ್ತಿಗೆ ಯಾರಾದರೊಬ್ಬರು ನಿಜ ಹೇಳಲು ಶುರು ಮಾಡುತ್ತಾರೆ. ಆರು ವಾರದ ನಂತರ ಗುಂಪು ಬದಲಿಸಿ, ಇಲ್ಲದಿದ್ದರೆ ಅದು ಗೆಳೆಯರ ಗೂಡಾಗಿ ಹೊಸಬರಿಗೆ ಜಾಗವಿರುವುದಿಲ್ಲ.

ಗುಂಪನ್ನು ಮುಂಚೆಯೇ ನಿಗದಿ ಮಾಡಿಡುವ ಸೌಲಭ್ಯ ಕಾಗದದ ಮೇಲೆ ಚೆಂದ. ವಾಸ್ತವದಲ್ಲಿ ಅದು ನಡೆಯುವುದು ಎಲ್ಲರೂ ತಮ್ಮ ತಮ್ಮ ಝೂಮ್ ಖಾತೆಯಿಂದ, ನೀವು ನಮೂದಿಸಿದ ಅದೇ ಇಮೇಲಿನಿಂದ ಬಂದಾಗ ಮಾತ್ರ. ಯುವಕೂಟದಲ್ಲಿ ಅರ್ಧ ಜನ ಲಾಗಿನ್ ಆಗದೆ ಲಿಂಕ್ ಒತ್ತಿ ಬರುತ್ತಾರೆ. ಇನ್ನು ಕೆಲವರು ತಂಗಿಯ ಫೋನಿನಿಂದ, ಅವಳ ಹೆಸರಿನಲ್ಲೇ. ಆದ್ದರಿಂದ ಹೋಸ್ಟ್ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಕೈಯಿಂದಲೇ ಹಾಕುವುದು ಜಾಣತನ. 12 ಜನರನ್ನು ಹಂಚಲು ಒಂದೂವರೆ ನಿಮಿಷ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಇನ್ನೊಬ್ಬರು ಬೈಬಲ್ಲಿನ ಕೀರ್ತನೆಯೊಂದನ್ನು ಓದುತ್ತಿರಲಿ, ಮೌನ ಭಾರವಾಗುವುದಿಲ್ಲ. 2020ರ ಸೆಪ್ಟೆಂಬರಿನ 5.3 ಆವೃತ್ತಿಯಿಂದ ಜನ ತಾವೇ ಕೋಣೆ ಆರಿಸಿಕೊಳ್ಳುವ ಅವಕಾಶವೂ ಬಂತು. ಹಂಚುವ ಕೆಲಸ ತಪ್ಪಿತು ನಿಜ. ಆದರೆ ಆತ್ಮವಿಶ್ವಾಸ ಇರುವವರು ತಟ್ಟನೆ ಒಂದೇ ಕೋಣೆಗೆ ನುಗ್ಗುತ್ತಾರೆ, ಸಂಕೋಚದವರು ಮುಖ್ಯ ಪರದೆಯಲ್ಲೇ ನಿಂತಿರುತ್ತಾರೆ. ಮದುವೆ ಊಟದ ಮೊದಲ ಪಂಕ್ತಿಯಲ್ಲಿ ಆಗುವುದೂ ಇದೇ ಅಲ್ಲವೇ.

ಇನ್ನು ಈ ಸಲಕರಣೆಯ ಅತಿ ಕೆಟ್ಟ ಗಳಿಗೆ. ಹೋಸ್ಟ್ ಕೋಣೆಗಳನ್ನು ಮುಚ್ಚಿದೊಡನೆ ಎಲ್ಲರ ಪರದೆಯ ಮೇಲೂ ಎಣಿಕೆ ಶುರುವಾಗುತ್ತದೆ. ಮೊದಲೇ ಇರುವ ಲೆಕ್ಕ 60 ಸೆಕೆಂಡು. ಇಪ್ಪತ್ತು ನಿಮಿಷ ಬರೀ ತಲೆಯಾಡಿಸುತ್ತಿದ್ದ ಹುಡುಗಿಯೊಬ್ಬಳು ಆಗಷ್ಟೇ ಮ್ಯೂಟ್ ತೆಗೆದು, "ಅದೇನಂದ್ರೆ ಅಕ್ಕ, ಮನೇಲಿ ಈಗ..." ಎನ್ನುತ್ತಾಳೆ. ಪರದೆಯ ಮೇಲೆ 14, 13, 12. ಅವಳ ಕಣ್ಣು ಆ ಅಂಕಿಯ ಮೇಲೆ. "ಪರವಾಗಿಲ್ಲ, ಆಮೇಲೆ ಹೇಳ್ತೀನಿ." ಮುಖ್ಯ ಪರದೆಗೆ ಬಂದ ಮೇಲೆ ಆ 'ಆಮೇಲೆ' ಬರುವುದೇ ಇಲ್ಲ.

ಇದಕ್ಕೆ ಮದ್ದು ಮೂರು ಕಡೆ ಹಾಕಬೇಕು. ಆ ಎಣಿಕೆಯನ್ನು ಕೋಣೆಗಳ ಆಯ್ಕೆಯಲ್ಲಿ ಹೆಚ್ಚಿಸಿಟ್ಟುಕೊಳ್ಳಿ. ಮುಚ್ಚುವ ಐದು ನಿಮಿಷ ಮುಂಚೆ ಎಲ್ಲ ಕೋಣೆಗಳಿಗೂ ಸಂದೇಶ ಕಳಿಸಿ. ಅದು ಕೆಲವೇ ಸೆಕೆಂಡು ಕಂಡು ಮಾಯವಾಗುವುದರಿಂದ "ಇನ್ನು 5 ನಿಮಿಷ, ಮಾತಾಡದವರಿಗೆ ಈಗ ಅವಕಾಶ" ಎಂಬಷ್ಟೇ ಉದ್ದ ಇರಲಿ. ಮೂರನೆಯದು ಮುಖ್ಯ: ಪ್ರತಿ ಕೋಣೆಯ ಜವಾಬ್ದಾರಿ ಹೊತ್ತವರಿಗೆ ಒಂದು ನಿಯಮ. ಕೊನೆಯ ನಿಮಿಷದಲ್ಲಿ ಬಾಯಿ ತೆರೆದವರಿಗೆ ಅದೇ ರಾತ್ರಿ ಫೋನ್ ಹೋಗಬೇಕು. ನಾಳೆ ಎಂದರೆ ಅವರೇ "ಏನಿಲ್ಲ ಬಿಡಿ ಅಕ್ಕ" ಎನ್ನುತ್ತಾರೆ.

ಇನ್ನೊಂದು ಕೊರತೆ ಗೊತ್ತಿರಲಿ. ಹೋಸ್ಟ್ ಒಂದು ಹೊತ್ತಿಗೆ ಒಂದೇ ಕೋಣೆಯಲ್ಲಿ ಇರಬಲ್ಲರು, ಉಳಿದ ಕೋಣೆಗಳಲ್ಲಿ ಏನು ನಡೆಯುತ್ತಿದೆಯೆಂದು ಕೇಳಿಸುವುದಿಲ್ಲ. ಸಹಾಯ ಕೇಳುವ ಗುಂಡಿ ಇದೆ, ಒತ್ತುವವರು ಕಡಿಮೆ. ಆದ್ದರಿಂದ ಗೊತ್ತಿಲ್ಲದ ನಾಲ್ವರನ್ನು ಮುಂದಾಳು ಇಲ್ಲದ ಕೋಣೆಗೆ ತಳ್ಳಬೇಡಿ.

ಆ 40 ನಿಮಿಷ

ಮೂರು ಅಥವಾ ಹೆಚ್ಚು ಜನರ ಉಚಿತ ಮೀಟಿಂಗ್ 40 ನಿಮಿಷಕ್ಕೆ ಕಡಿದುಹೋಗುತ್ತದೆ. ಮಿತಿ 100 ಜನ. ಇಬ್ಬರ ಮಾತಿಗೆ ಆಗ ಈ ಕತ್ತರಿ ಇರಲಿಲ್ಲ, 2022ರಿಂದ ಅದಕ್ಕೂ 40 ನಿಮಿಷವೇ. ಎಲ್ಲರೂ ಇದನ್ನು ಬೈದದ್ದೇ ಬೈದದ್ದು. ಯುವಕೂಟದ ಮಟ್ಟಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಶಿಸ್ತು ಇನ್ನೊಂದಿಲ್ಲ. ಕೈಯಲ್ಲಿ ಮೈಕ್ ಇದ್ದರೆ ನಿಲ್ಲಿಸಲು ಗೊತ್ತಿಲ್ಲದವರು ಎಲ್ಲ ಸಭೆಗಳಲ್ಲೂ ಇದ್ದಾರೆ. ಅವರಿಗೆ ಹಿರಿಯರು ಹೇಳಲಾಗದ್ದನ್ನು ಗಡಿಯಾರ ಹೇಳುತ್ತದೆ.

40 ನಿಮಿಷದ ಹಂಚಿಕೆ ಹೀಗಿದ್ದರೆ ಸಾಕು. ಮೊದಲ 5 ನಿಮಿಷ ಒಳಗೆ ಬಿಡುವುದು, ಹೆಸರು ಹಿಡಿದು ನಮಸ್ಕಾರ ಹೇಳುವುದು. ಮುಂದಿನ 4 ನಿಮಿಷ ಒಂದು ಕೀರ್ತನೆ, ವ್ಯಾಖ್ಯಾನವಿಲ್ಲದೆ, ಇಬ್ಬರು ಹಂಚಿಕೊಂಡು ಓದುವುದು. ಆಮೇಲೆ 22 ನಿಮಿಷ ಚಿಕ್ಕ ಕೋಣೆಗಳು. ಮರಳಿ ಬಂದ ಮೇಲೆ 7 ನಿಮಿಷ ಪ್ರಾರ್ಥನೆ. ಉಳಿದ 2 ನಿಮಿಷ ನೆಟ್‌ನ ಕಾಟಕ್ಕೆ ಮೀಸಲು. ಹೋಸ್ಟ್ ಕಾಲು ಗಂಟೆ ಮುಂಚೆ ಮೀಟಿಂಗ್ ತೆರೆದು ಕೂತರೆ ಆ ನಿಮಿಷಗಳೂ ಲೆಕ್ಕಕ್ಕೆ ಸೇರುತ್ತವೆ. ಪ್ರಾರ್ಥನೆಯ ನಡುವೆ ಪರದೆ ಕಪ್ಪಾಗುವುದು ಬಹುತೇಕ ಇದರಿಂದಲೇ. ಕಡಿದುಹೋದರೆ ಹೊಸದಾಗಿ ತೆರೆದು ಮತ್ತೆ ಬರಬಹುದು, ಆದರೆ ಮೂರರಲ್ಲೊಬ್ಬರು ಮರಳುವುದಿಲ್ಲ ಎಂದು ತಿಳಿದೇ ನಡೆಸಿ.

ಕೀರ್ತನೆಗಳಲ್ಲಿ 13ನೆಯದು ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಆರೇ ವಚನ, ಅದೂ ದೇವರಿಗೆ ಹಾಕುವ "ಎಷ್ಟು ಕಾಲ" ಎಂಬ ಪ್ರಶ್ನೆಯಿಂದ ಆರಂಭ. 88ನೆಯದು ಇನ್ನೂ ಗಟ್ಟಿ: 18 ವಚನ ಓದಿದರೂ ಕೊನೆಯಲ್ಲಿ ಕತ್ತಲೆಯೇ ಉಳಿಯುತ್ತದೆ, ಸಮಾಧಾನದ ಸಾಲೊಂದೂ ಇಲ್ಲ. ವಿಜಯಗೀತೆ ಓದಿ ಕೋಣೆಗೆ ಕಳಿಸಿದರೆ ಎಲ್ಲರೂ "ದೇವರ ದಯೆಯಿಂದ ಚೆನ್ನಾಗಿದ್ದೇವೆ" ಎಂದೇ ಹೇಳುತ್ತಾರೆ. ಬೈಬಲ್ಲಿನಲ್ಲೇ ಇಂಥ ಅಳಲು ಇದೆಯೆಂದು ಕಂಡವರು ತಮ್ಮದನ್ನೂ ಹೇಳಲು ಧೈರ್ಯ ಮಾಡುತ್ತಾರೆ.

ಕೋಣೆಯಲ್ಲಿ ಕೇಳುವ ಪ್ರಶ್ನೆಯೂ ಅಷ್ಟೇ. "ಹೇಗಿದ್ದೀರಿ?" ಎಂದರೆ ಉತ್ತರ ಸಿದ್ಧವಾಗಿರುತ್ತದೆ. "ಈ ವಾರ ಯಾವ ರಾತ್ರಿ ನಿದ್ದೆ ಬರಲಿಲ್ಲ?" "ಯಾರಿಗೆ ಫೋನ್ ಮಾಡಬೇಕೆಂದುಕೊಂಡು ಮಾಡದೆ ಉಳಿದಿರಿ?" "ಹೋದ ವಾರಕ್ಕಿಂತ ಯಾವುದು ಭಾರವಾಯಿತು?" ಒಂದು ವಾರಕ್ಕೆ ಒಂದೇ ಪ್ರಶ್ನೆ ಸಾಕು. ಮೂರು ಕೇಳಿದರೆ ಅದು ಸಂದರ್ಶನವಾಗುತ್ತದೆ.

ಹಾಡು ಇಲ್ಲಿ ಆಗುವುದಿಲ್ಲ

ಸೇರಿ ಹಾಡುವುದಕ್ಕೆ ಒಬ್ಬರ ದನಿ ಇನ್ನೊಬ್ಬರ ಕಿವಿಗೆ ಹೆಚ್ಚೆಂದರೆ 25–30 ಮಿಲಿಸೆಕೆಂಡಿನಲ್ಲಿ ತಲುಪಬೇಕು, ಅದನ್ನು ದಾಟಿದರೆ ತಾಳ ತಪ್ಪುತ್ತದೆ. ವಿಡಿಯೊ ಕರೆಯಲ್ಲಿ ತಡ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಮಾತಿಗೆ ಅಷ್ಟು ತಡ ಗೊತ್ತಾಗುವುದಿಲ್ಲ, ಹಾಡಿಗೆ ಅದು ವಿಷ. ಸಾಲದ್ದಕ್ಕೆ ಝೂಮ್ ಒಂದು ಹೊತ್ತಿಗೆ ಒಬ್ಬರ ದನಿಯನ್ನೇ ಮುಂದೆ ತಂದು ಉಳಿದವರದನ್ನು ಅದುಮುತ್ತದೆ. ಗಿಟಾರಿನ ನಾದವನ್ನೂ ಗದ್ದಲವೆಂದು ತಿಳಿದು ಸೋಸಿಬಿಡುತ್ತದೆ. ಹಾಡಲೇಬೇಕೆಂದಿದ್ದರೆ ಒಬ್ಬರು ಮಾತ್ರ ಹಾಡಲಿ, ಅವರು ಒರಿಜಿನಲ್ ಸೌಂಡ್ (ದನಿಯನ್ನು ಸೋಸದೆ ಇದ್ದ ಹಾಗೆ ಕಳಿಸುವ) ಆಯ್ಕೆ ಆನ್ ಮಾಡಿಕೊಳ್ಳಲಿ, ಉಳಿದವರೆಲ್ಲ ಮ್ಯೂಟ್‌ನಲ್ಲಿ ದನಿಗೂಡಿಸಲಿ. ಖಾಲಿ ಕೋಣೆಯಲ್ಲಿ ತನ್ನೊಬ್ಬನದೇ ದನಿ ಕೇಳುತ್ತ ಹಾಡುವುದು ಕೆಲವರಿಗೆ ಒಂಟಿತನವನ್ನು ಇಮ್ಮಡಿ ಮಾಡುತ್ತದೆ ಎಂಬುದನ್ನೂ ಮರೆಯಬೇಡಿ. ಮೊದಲೇ ರೆಕಾರ್ಡ್ ಮಾಡಿದ ಹಾಡನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು ಇದಕ್ಕಿಂತ ಹಿತ.

ಹಾಗೆಂದು "ಐದಾರು ಜನ ಮನೆಯಲ್ಲೇ ಸೇರಿ ಹಾಡಿಬಿಡೋಣ" ಎಂದ ಯುವಕರ ಉತ್ಸಾಹಕ್ಕೆ ಯಾಕೆ ಅಡ್ಡ ನಿಲ್ಲಬೇಕಾಯಿತೆಂದರೆ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕೌಂಟಿಯಲ್ಲಿ 2020ರ ಮಾರ್ಚ್ 10ರಂದು ನಡೆದ ಒಂದು ಗಾಯನ ಅಭ್ಯಾಸದ ಲೆಕ್ಕ ಎಲ್ಲರ ಮುಂದಿತ್ತು. ಎರಡೂವರೆ ಗಂಟೆಯ ಅಭ್ಯಾಸ, ಬಂದವರು 61, ರೋಗಲಕ್ಷಣ ಇದ್ದವರು ಒಬ್ಬರು. ಸೋಂಕು ಖಚಿತವಾದವರು 33, ಸಂಭವನೀಯವೆಂದು ಲೆಕ್ಕಕ್ಕೆ ಬಂದವರು 20; ಇಬ್ಬರು ತೀರಿಕೊಂಡರು. ಮುಚ್ಚಿದ ಕೋಣೆಯಲ್ಲಿ ಗಟ್ಟಿದನಿಯಲ್ಲಿ ಹಾಡುವಾಗ ಬಾಯಿಂದ ಹೊರಡುವ ಹನಿಗಳು ಮಾತಿಗಿಂತ ಹೆಚ್ಚು.

ಡೇಟಾ, ಕ್ಯಾಮೆರಾ, ದಣಿವು

ಗುಂಪು ವಿಡಿಯೊಗೆ ಝೂಮ್ ಹೇಳುವ ಲೆಕ್ಕ ಕಳಿಸಲು 1 ಎಂಬಿಪಿಎಸ್ (ಸೆಕೆಂಡಿಗೆ 1 ಮೆಗಾಬಿಟ್), ಪಡೆಯಲು 600 ಕೆಬಿಪಿಎಸ್ (ಸೆಕೆಂಡಿಗೆ 600 ಕಿಲೊಬಿಟ್). ಗುಣಿಸಿ ನೋಡಿದರೆ ಗಂಟೆಗೆ ಸುಮಾರು 720 ಎಂಬಿ. ಬರೀ ದನಿಗೆ ಬೇಕಾದದ್ದು 60ರಿಂದ 80 ಕೆಬಿಪಿಎಸ್. ಹೋಗುವುದು ಬರುವುದು ಸೇರಿ ಗಂಟೆಗೆ 72 ಎಂಬಿ ದಾಟದು. ಹತ್ತು ಪಟ್ಟು ವ್ಯತ್ಯಾಸ. ಕೆಲಸ ಕಳೆದುಕೊಂಡವರು ಡೇಟಾ ಉಳಿಸಲು ಕೂಟಕ್ಕೆ ಬರುವುದನ್ನೇ ಬಿಡುತ್ತಾರೆ, ಕಾರಣ ಹೇಳುವುದಿಲ್ಲ. "ಎಲ್ಲರೂ ಕ್ಯಾಮೆರಾ ಆನ್ ಮಾಡಿ, ಮುಖ ನೋಡೋಣ" ಎಂಬ ಅಕ್ಕರೆಯ ಮಾತು ಅವರಿಗೆ ಬಾಗಿಲು ಹಾಕಿದಂತೆ. ಕೆಲವರ ಹಿಂದೆ ಗೋಡೆ ಬಿರುಕು ಬಿಟ್ಟಿರುತ್ತದೆ; ಕೆಲವರ ಮನೆಯಲ್ಲಿ ಆರು ಜನಕ್ಕೆ ಒಂದೇ ಕೋಣೆ. ಕ್ಯಾಮೆರಾ ಅವರವರ ಇಷ್ಟ ಎಂದು ಪ್ರತಿ ವಾರ ಬಾಯಿಬಿಟ್ಟು ಹೇಳಬೇಕು, ಮುಂದಾಳುಗಳಲ್ಲೂ ಒಬ್ಬರು ಬೇಕೆಂದೇ ಆಫ್ ಇಟ್ಟುಕೊಳ್ಳಬೇಕು.

ಒಂದೇ ಮನೆಯ ಇಬ್ಬರು ಎರಡು ಫೋನಿನಿಂದ ಅಕ್ಕಪಕ್ಕ ಕೂತರೆ ಕೀರಲು ಸದ್ದು ಹುಟ್ಟುತ್ತದೆ. ಒಬ್ಬರ ಸ್ಪೀಕರಿನ ದನಿ ಇನ್ನೊಬ್ಬರ ಮೈಕಿಗೆ ಹೋಗಿ ಸುತ್ತು ಹೊಡೆಯುವುದೇ ಕಾರಣ. ಇಬ್ಬರೂ ಇಯರ್‌ಫೋನ್ ಹಾಕಿಕೊಂಡರೆ ಮುಗಿಯಿತು. ಇಯರ್‌ಫೋನಿಗೆ ಇನ್ನೊಂದು ಲಾಭ: ಇತರರು ಹೇಳಿದ್ದು ಇವರ ಮನೆಯವರ ಕಿವಿಗೆ ಬೀಳುವುದಿಲ್ಲ. ಆದರೆ ಇವರು ಹೇಳಿದ್ದು ಬೀಳುತ್ತದೆ. ಮನೆಯವರ ಬಗ್ಗೆಯೇ ಹೇಳಬೇಕಿರುವವರು ಚಾಟ್‌ನಲ್ಲಿ ಟೈಪ್ ಮಾಡಬಹುದು ಎಂದು ಮೊದಲೇ ತಿಳಿಸಿಡಿ. ಕೋಣೆಯೊಳಗಿನ ಚಾಟ್ ಆ ಕೋಣೆಯವರಿಗಷ್ಟೇ ಕಾಣುತ್ತದೆ.

ದಣಿವಿನ ಬಗ್ಗೆ ಸ್ಟ್ಯಾನ್‌ಫರ್ಡ್‌ನ ಸಂವಹನ ಪ್ರಾಧ್ಯಾಪಕ ಜೆರೆಮಿ ಬೇಲೆನ್ಸನ್ 2021ರ ಫೆಬ್ರುವರಿಯಲ್ಲಿ ನಾಲ್ಕು ಕಾರಣ ಕೊಟ್ಟರು: ಬಿಡದೆ ಎದುರಾಗುವ ಹತ್ತಿರದ ಮುಖಗಳ ನೋಟ, ತನ್ನ ಮುಖವನ್ನೇ ನೋಡುತ್ತ ಕೂರುವುದು, ಅಲುಗಾಡದೆ ಒಂದೇ ಕಡೆ ಇರಬೇಕಾದದ್ದು, ಸನ್ನೆಗಳನ್ನು ಕೊಡಲು ಹಿಡಿಯಲು ತಲೆಗೆ ಬೀಳುವ ಹೆಚ್ಚಿನ ಕೆಲಸ. ಎರಡನೆಯದಕ್ಕೆ ಪರಿಹಾರ ಎರಡು ಒತ್ತಿನಲ್ಲಿದೆ: ತನ್ನ ಚೌಕದ ಮೂರು ಚುಕ್ಕೆ ಒತ್ತಿ, ಸ್ವಂತ ಮುಖ ಮರೆಮಾಡುವ ಆಯ್ಕೆ ಹಿಡಿದರಾಯಿತು. ಉಳಿದವರಿಗೆ ನಿಮ್ಮ ಮುಖ ಕಾಣುತ್ತಲೇ ಇರುತ್ತದೆ. ವಾರಕ್ಕೆ ಒಂದೇ ಝೂಮ್ ಕೂಟ ಸಾಕೆಂಬುದು ನಮ್ಮ ಖಚಿತ ಅಭಿಪ್ರಾಯ. ಎರಡು ಇಟ್ಟ ಕಡೆಯೆಲ್ಲ ಎರಡಕ್ಕೂ ಅರ್ಧರ್ಧ ಜನ.

ಬಾಗಿಲು ಕಾಯುವುದು

2020ರ ವಸಂತದಲ್ಲಿ ಅಪರಿಚಿತರು ಪ್ರಾರ್ಥನಾ ಕೂಟಗಳಿಗೆ ನುಗ್ಗಿ ಅಶ್ಲೀಲ ಚಿತ್ರ ತೋರಿಸಿದ ಪ್ರಕರಣಗಳ ಬೆನ್ನಿಗೆ ಝೂಮ್ ಆ ವರ್ಷದ ಏಪ್ರಿಲ್ 5ರಿಂದ ಪಾಸ್‌ವರ್ಡ್ ಮತ್ತು ವೇಟಿಂಗ್ ರೂಮ್ (ಹೋಸ್ಟ್ ಒಳಗೆ ಬಿಡುವವರೆಗೆ ಕಾಯಿಸುವ ಕೋಣೆ) ಎರಡನ್ನೂ ತಾನಾಗಿಯೇ ಆನ್ ಆಗಿರುವಂತೆ ಮಾಡಿತು. ಅವನ್ನು ಆಫ್ ಮಾಡಬೇಡಿ. ಲಿಂಕ್ ಚರ್ಚಿನ ಸಾರ್ವಜನಿಕ ಪುಟದಲ್ಲಿ ಹಾಕದೆ ಗುಂಪಿಗಷ್ಟೇ ಕಳಿಸಿ. ಪರದೆ ಹಂಚುವುದು ಹೋಸ್ಟ್‌ಗೆ ಮಾತ್ರ. ಹತ್ತು ನಿಮಿಷದ ಮೇಲೆ ಮೀಟಿಂಗ್ ಲಾಕ್ ಮಾಡಬೇಕೆಂದು ಹಲವರು ಹೇಳುತ್ತಾರೆ. ಯುವಕೂಟಕ್ಕೆ ಅದು ಬೇಡ. ಧೈರ್ಯ ಕೂಡಿಸಿಕೊಂಡು ತಡವಾಗಿ ಬರುವವರೇ ಆ ಹೊತ್ತಿಗೆ ಬರುವುದು.

ಕೋ-ಹೋಸ್ಟ್ (ಹೋಸ್ಟ್ ಕೆಲಸಕ್ಕೆ ಕೈಜೋಡಿಸುವ ಇನ್ನೊಬ್ಬರು) ಸೌಲಭ್ಯ ಉಚಿತ ಖಾತೆಗೆ ಇಲ್ಲ, ಇದೇ ದೊಡ್ಡ ಕೊರತೆ. ಹೋಸ್ಟ್‌ನ ನೆಟ್ ಹೋದರೆ ಆ ಪಟ್ಟ ಇನ್ನಾರಿಗೋ ಹೋಗುತ್ತದೆ. ಅದೇ ಲಾಗಿನ್‌ನಿಂದ ಮರಳಿ ಬಂದು ಪಟ್ಟ ಹಿಂದಕ್ಕೆ ಪಡೆಯಬಹುದು. ವೇಟಿಂಗ್ ರೂಮಿನಲ್ಲಿ ಯಾರಾದರೂ ಕಾಯುತ್ತಿದ್ದಾರೆಯೇ ಎಂದು ಹೋಸ್ಟ್ ನೋಡುತ್ತಲೇ ಇರಬೇಕು. ಆದ್ದರಿಂದ ಹೋಸ್ಟ್ ಆದವರಿಗೆ ಅಂದು ಬೇರೆ ಕೆಲಸ ಕೊಡಬೇಡಿ; ಸಂದೇಶ, ಪ್ರಾರ್ಥನೆ, ಕೋಣೆಯ ಜವಾಬ್ದಾರಿ ಯಾವುದೂ ಬೇಡ.

ರೆಕಾರ್ಡಿಂಗ್ ಎಂದೂ ಬೇಡ. ಬರಲಾಗದವರಿಗೆ ಕಳಿಸೋಣ ಎಂಬ ಸದುದ್ದೇಶವೂ ಬೇಡ. 18 ತುಂಬದವರಿದ್ದರೆ ಅವರಿಗೆ ಬೇರೆ ಕೂಟ, ಪ್ರತಿ ಕೋಣೆಯಲ್ಲೂ ಇಬ್ಬರು ಹಿರಿಯರು, ತಂದೆತಾಯಿಗೆ ಗೊತ್ತಿರುವ ಲಿಂಕ್.

ಉಳಿದವುಗಳ ಪಕ್ಕ ಇಟ್ಟರೆ

ಗೂಗಲ್ ಮೀಟ್ 2020ರ ಮೇನಲ್ಲಿ ಎಲ್ಲರಿಗೂ ಉಚಿತವಾಯಿತು, 100 ಜನ ಸೇರಬಹುದು, ಗುಂಪಿಗೆ ಈಗ 60 ನಿಮಿಷ. ಕಂಪ್ಯೂಟರಿನಲ್ಲಿ ಆ್ಯಪ್ ಬೇಡ, ಬ್ರೌಸರ್ ಸಾಕು. ಆದರೆ ಚಿಕ್ಕ ಕೋಣೆಗಳು ಉಚಿತ ಖಾತೆಗೆ ಸಿಗಲಿಲ್ಲ, ನಮ್ಮ ಕೆಲಸಕ್ಕೆ ಅಲ್ಲಿಗೆ ಅದು ಸೋತಿತು. ಯೂಟ್ಯೂಬ್ ಲೈವ್ ಆರಾಧನೆಗೆ ಸರಿ, ಯುವಕರಿಗೆ ಅದು ಟಿವಿ. ನೋಡುವವರ ಸಂಖ್ಯೆ ಕಾಣುತ್ತದೆ, ಯಾರೆಂದು ಗೊತ್ತಾಗುವುದಿಲ್ಲ.

ವಾಟ್ಸ್‌ಆ್ಯಪ್ 2020ರ ಏಪ್ರಿಲಿನಲ್ಲಿ ಗುಂಪು ಕರೆಯನ್ನು 4ರಿಂದ 8 ಜನಕ್ಕೆ ಏರಿಸಿತು, ಈಗ 32. ನಾಲ್ವರ ಗುಂಪಿಗೆ ಝೂಮ್‌ನಲ್ಲಿ ಪರಿಚಯವಾದ ಮೇಲೆ ವಾರದ ನಡುವೆ ಇದರಷ್ಟು ಹಗುರವಾದದ್ದು ಇನ್ನೊಂದಿಲ್ಲ. ದೊಡ್ಡ ಗುಂಪು ಮಾತ್ರ ಬೆಳಗಿನ ವಚನ, ಔಷಧಿಯ ಫಾರ್ವರ್ಡ್, ಸಾವಿನ ಸುದ್ದಿ ಮೂರೂ ಒಂದರ ಮೇಲೊಂದು ಬಿದ್ದು ನೋಡಲು ಭಯವಾಗುವಂತೆ ಆಗುತ್ತದೆ. ಪ್ರಕಟಣೆಗೆಂದು ಒಂದು ಗುಂಪು ಮಾಡಿ, ಅಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಇಡಿ; ಮಾತಿಗೆ ನಾಲ್ವರ ಚಿಕ್ಕ ಗುಂಪುಗಳು ಬೇರೆ.

ಡಿಸ್ಕಾರ್ಡ್ ಎಂಬ ಮಾತುಕತೆಯ ಆ್ಯಪ್ ಬಗ್ಗೆ ಹಿರಿಯರಿಗೆ ಅನುಮಾನ, ಕಿರಿಯರಿಗೆ ಪ್ರೀತಿ. ಅದರ ಧ್ವನಿ ಚಾನೆಲ್ ಸದಾ ತೆರೆದ ಜಗಲಿಯಂತೆ: ಯಾರೂ ಕರೆಯಬೇಕಿಲ್ಲ, ಒಬ್ಬರು ಕೂತಿರುವುದು ಕಂಡರೆ ಇನ್ನೊಬ್ಬರು ಬಂದು ಕೂರುತ್ತಾರೆ. ಝೂಮ್‌ಗೆ ಇಲ್ಲದ ಗುಣ ಇದು. ರಾತ್ರಿ ಓದುವವರಿಗೆ ಜತೆ ಸಿಗುತ್ತದೆ. ಬಳಸುವುದಾದರೆ ಸರ್ವರ್‌ನ (ಅಲ್ಲಿನ ಗುಂಪಿನ) ಇತರ ಸದಸ್ಯರಿಂದ ನೇರ ಸಂದೇಶ ಬರುವುದನ್ನು ಪ್ರತಿಯೊಬ್ಬರೂ ಆಫ್ ಮಾಡಿಕೊಳ್ಳಲಿ, ಒಳಗೆ ಬರಲು ಅನುಮತಿ ಬೇಕೆಂದಿರಲಿ.

ಬಾರದವರ ಪಟ್ಟಿ

ಯಾವ ಆ್ಯಪ್ ಕೊಂಡರೂ ಅದರೊಳಗೆ ಬಾರದ ಒಂದು ಭಾಗ ಇದೆ. ಝೂಮ್ ಬಂದವರನ್ನು ತೋರಿಸುತ್ತದೆ, ಬಾರದವರನ್ನು ತೋರಿಸುವುದಿಲ್ಲ. ಹೋಸ್ಟ್‌ನ ಹಾಳೆಯಲ್ಲಿ ಎಲ್ಲ ಹೆಸರೂ ಇರಲಿ. ಬಂದವರಿಗೆ ಗುರುತು ಹಾಕಿ, ಗುರುತಿಲ್ಲದ ಹೆಸರುಗಳನ್ನು ಕೂಟ ಮುಗಿದ ಹತ್ತು ನಿಮಿಷದೊಳಗೆ ಫೋನ್ ಮಾಡುವವರಿಗೆ ಹಂಚಿ. ಒಬ್ಬರ ಪಾಲಿಗೆ ಐದಾರು ಹೆಸರಿಗಿಂತ ಹೆಚ್ಚು ಬೇಡ. 48 ಗಂಟೆಯೊಳಗೆ ಹತ್ತು ನಿಮಿಷದ ಕರೆ. "ಯಾಕೆ ಬರಲಿಲ್ಲ?" ಎಂದು ಆರಂಭಿಸಿದರೆ ಮಾತು ಅಲ್ಲೇ ಮುಗಿಯಿತು. "ನಿನ್ನ ನೆನಪಾಯ್ತು, ಈಗ ಮಾತಾಡೋಕೆ ಆಗತ್ತಾ?" ಎಂದರೆ ಮುಂದಕ್ಕೆ ಹೋಗುತ್ತದೆ. ಎರಡು ವಾರ ಬಾರದವರ ಹೆಸರು ಸಭಾಪಾಲಕರಿಗೆ (ಪಾಸ್ಟರ್) ತಲುಪಲಿ.

ಬದುಕುವ ಆಸೆ ಬತ್ತಿದ ಮಾತು ಬಂದರೆ ಸುತ್ತುಬಳಸಬೇಡಿ. "ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳುತ್ತದೆ. ಹೌದೆಂದರೆ ಮುಂದಿನ ಪ್ರಶ್ನೆ: ಹೇಗೆ, ಯಾವಾಗ ಎಂದು ಯೋಚಿಸಿದ್ದೀಯಾ? ಅದಕ್ಕೆ ಉತ್ತರ ಸಿದ್ಧವಾಗಿದ್ದರೆ ಫೋನ್ ಇಡದೆ, ಇನ್ನೊಬ್ಬರ ಮೂಲಕ ಮನೆಯವರನ್ನೋ ತುರ್ತು ಸೇವೆಯನ್ನೋ ಸಂಪರ್ಕಿಸಿ, ಅವರು ತಲುಪುವವರೆಗೆ ಮಾತಾಡುತ್ತಿರಿ. "ಯಾರಿಗೂ ಹೇಳಲ್ಲ" ಎಂಬ ಮಾತು ಮೊದಲೇ ಕೊಡಬೇಡಿ. ಪ್ರಾರ್ಥನೆ ಮಾಡಿ, ವೈದ್ಯರ ಹತ್ತಿರವೂ ಕಳಿಸಿ. ಒಂದಿದ್ದರೆ ಇನ್ನೊಂದು ಬೇಡವೆಂದು ಯಾರಾದರೂ ಹೇಳಿದರೆ ಅವರಿಗೆ ಕರೆ ಮಾಡುವ ಕೆಲಸ ಕೊಡಬೇಡಿ. ಫೋನ್ ಮಾಡುವವರಿಗೂ ತಿಂಗಳಿಗೆ ಒಂದು ವಾರ ರಜೆ ಬೇಕು.

ಹಣ ಕೊಡುವುದಾದರೆ

25–30 ಜನರ ಕೂಟಕ್ಕೆ ಪಾವತಿ ಖಾತೆ ಬೇಕಿಲ್ಲ. ಚರ್ಚು ಬೇರೆ ಕೆಲಸಕ್ಕೆ ಹೇಗೂ ಒಂದು ಕೊಂಡಿದ್ದರೆ ಕೋ-ಹೋಸ್ಟ್‌ಗಾಗಿ ಅದನ್ನು ಬಳಸಿ, 40 ನಿಮಿಷದ ಶಿಸ್ತು ಬಿಡಬೇಡಿ. ಮಿಕ್ಕ ಹಣ ಇದ್ದರೆ ಡೇಟಾ ಮುಗಿದವರ ಫೋನಿಗೆ ರೀಚಾರ್ಜ್ ಮಾಡಿಸಿ, ಅದೂ ಇಬ್ಬರಿಗಷ್ಟೇ ಗೊತ್ತಾಗುವ ಹಾಗೆ.

ಚರ್ಚು ಮತ್ತೆ ತೆರೆದ ಮೇಲೆ ಎಡವುವುದು ಒಂದೇ ಕಡೆ. ಸಭಾಂಗಣದಲ್ಲಿ ಹದಿನೈದು ಜನ ವೃತ್ತದಲ್ಲಿ ಕೂತು, ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್ ಇಟ್ಟು "ಆನ್‌ಲೈನ್‌ನವರೂ ಇದ್ದಾರೆ" ಎನ್ನುತ್ತಾರೆ. ಆ ಲ್ಯಾಪ್‌ಟಾಪಿನ ಮೈಕಿಗೆ ಎರಡು ಮೀಟರ್ ಆಚೆಯ ಮಾತು ಗುಜುಗುಜು. ಇಲ್ಲಿನವರು ನಗುತ್ತಾರೆ, ಅಲ್ಲಿನವರಿಗೆ ಯಾಕೆಂದು ತಿಳಿಯದು. ಪರದೆಯ ಆಚೆ ಇರುವವರನ್ನು ಒಂದೇ ಕೋಣೆಯಾಗಿ ಮಾಡಿ, ಅವರ ಮುಂದಾಳು ಕೂಡ ಅಂದು ಮನೆಯಿಂದಲೇ ಲಾಗಿನ್ ಆಗಲಿ. ಕೀರ್ತನೆ ಓದುವ 4 ನಿಮಿಷಕ್ಕೆ ಮಾತ್ರ ಎರಡನ್ನೂ ಜೋಡಿಸಿ, ಓದುವವರ ಕೈಯಲ್ಲೇ ಮೈಕ್ ಇರುವ ಇಯರ್‌ಫೋನ್ ಕೊಡಿ.